ಫೋಟೊದ ಅಂಚಿನಲ್ಲಿ ನಿಂತವಳು

ಕಾನ್ವೆಂಟಿನಲ್ಲಿ ನಮಗೆ ಹೆದರುವುದಕ್ಕೂ ಟೈಮ್‌ಟೇಬಲ್ ಇತ್ತು. ಪರೀಕ್ಷೆಗೆ ಹೆದರಬೇಕು, ದೇವರಿಗೆ ಹೆದರಬೇಕು, ಉಳಿದ ಯಾವುದಕ್ಕೂ ಹೆದರಕೂಡದು. ಹೈದರಾಬಾದಿನ ಆ ಹಾಸ್ಟೆಲಿನಲ್ಲಿ ಯಾವ ಹುಡುಗಿಯಾದರೂ ಬಚ್ಚಲಮನೆಯ ಹತ್ತಿರ ಬಿಳಿ ಸೀರೆ ಕಂಡಿತು ಎಂದರೆ ಸಿಸ್ಟರ್ ಬೈಯುತ್ತಿರಲಿಲ್ಲ, ಬೆಳಗಾಗುತ್ತಲೇ ಒಂದು ಚಮಚ ಹರಳೆಣ್ಣೆ ಕುಡಿಸುತ್ತಿದ್ದರು. ಹೊಟ್ಟೆ ಸ್ವಚ್ಛವಾದರೆ ತಲೆಯೂ ಸ್ವಚ್ಛ ಎಂಬುದು ಅವರ ಥಿಯರಿ. ಬೀದರಿಗೆ ಮರಳಿ ಬಂದು, ಮಿಷನ್ ಶಾಲೆಯಲ್ಲಿ ಇಂಗ್ಲಿಷ್ ಟೀಚರಾಗಿ, ರಿಟೈರ್ ಆಗುವವರೆಗೂ ನಾನು ಅದೇ ಥಿಯರಿಯನ್ನು ನಂಬಿಕೊಂಡಿದ್ದೆ. ಯಾರಿಗೋ ಬಿದ್ದ ಕನಸು ನಿಜವಾಯಿತಂತೆ, ಯಾರದೋ ಮೈಮೇಲೆ ಬಂತಂತೆ ಎಂದು ಸ್ಟಾಫ್ ರೂಮಿನಲ್ಲಿ ಮಾತೆದ್ದರೆ, 'ನಾನ್‌ಸೆನ್ಸ್' ಎಂದು ಹೇಳಿ ಮಕ್ಕಳ ಕಾಪಿ ತಿದ್ದುವುದಕ್ಕೆ ಕೂಡುತ್ತಿದ್ದೆ.

ಈಗ ನಾನು ಬರೆಯುವುದನ್ನು ಓದಿ ನೀವು ನನಗೂ ಹರಳೆಣ್ಣೆ ಬರೆದುಕೊಡಬಹುದು. ನನ್ನ ತಕರಾರಿಲ್ಲ. ಆದರೆ ಒಂದು ಮಾತು. ಆ ದಿನ ನನಗೆ ಜ್ವರ ಇರಲಿಲ್ಲ, ಕಣ್ಣಿನ ಪೊರೆ ತೆಗೆಸಿ ಹೊಸ ಕನ್ನಡಕ ಬಂದಿತ್ತು, ಮತ್ತು ನಾನು ಕಂಡದ್ದನ್ನು ನಾನೊಬ್ಬಳೇ ಕಂಡಿರಲಿಲ್ಲ.

ಅದು ಬರದ ವರ್ಷ. ಮಳೆ ಒಂದು ಸಲ ಕೈಕೊಟ್ಟಿದ್ದರೆ ಜನ ತಡೆದುಕೊಳ್ಳುತ್ತಿದ್ದರೇನೋ, ಮೇಲಿಂದ ಮೇಲೆ ಕೈಕೊಟ್ಟಿತ್ತು. ಬೀದರಿನಲ್ಲಿ ನಳಕ್ಕೆ ನೀರು ಬಂದ ದಿನವೇ ಹಬ್ಬ. ಔರಾದ ಕಡೆಯಿಂದ, ಭಾಲ್ಕಿಯ ಹಳ್ಳಿಗಳಿಂದ ಜನ ಊರು ಬಿಟ್ಟು, ಕೂಲಿ ಹುಡುಕಿಕೊಂಡು ಗುಳೇ ಹೊರಟಿದ್ದರು. ನಮ್ಮ ಕಡೆ ಗುಳೇ ಹೋಗುವವರು ಬಾಗಿಲಿಗೆ ಕೀಲಿ ಹಾಕಿ, ನಾಯಿ ನುಗ್ಗದಿರಲಿ ಎಂದು ಹೊಸ್ತಿಲಿಗೆ ಜಾಲಿಮುಳ್ಳು ಅಡ್ಡ ಇಟ್ಟು ಹೋಗುತ್ತಾರೆ. ಭಾಲ್ಕಿಯಲ್ಲಿರುವ ತಂಗಿ ಎಸ್ತರಳನ್ನು ನೋಡಲು ಬಸ್ಸಿನಲ್ಲಿ ಹೋಗುವಾಗ ಆ ಮುಳ್ಳಿನ ಬಾಗಿಲುಗಳನ್ನು ನೋಡಬಾರದು ಎಂದು ನಾನು ಇನ್ನೊಂದು ಬದಿಯ ಸೀಟಿನಲ್ಲಿ ಕೂಡುತ್ತಿದ್ದೆ. ಆ ಬದಿಗೂ ಅವೇ ಇರುತ್ತಿದ್ದವು.

ಅಂಥ ದಿನಗಳಲ್ಲಿ ನನ್ನ ಹಳೆಯ ವಿದ್ಯಾರ್ಥಿನಿ ಶೀಲಾ ಹೈದರಾಬಾದಿನಿಂದ ಫೋನ್ ಮಾಡಿದಳು. ಅವಳು ಕೆಲಸ ಮಾಡುತ್ತಿದ್ದ ಸಂಸ್ಥೆಯವರು ಹಾಲೊಕಾಸ್ಟ್ ಬಗ್ಗೆ ಒಂದು ಫೋಟೊ ಪ್ರದರ್ಶನ ತಯಾರಿಸಿ ಶಾಲೆಗಳಿಗೂ ಜೈಲುಗಳಿಗೂ ಒಯ್ಯುತ್ತಿದ್ದರು. ಹಿಟ್ಲರನ ಸರ್ಕಾರ ಯುರೋಪಿನ ಯಹೂದಿಗಳನ್ನು ಹೇಗೆ ಮೊದಲು ಹೆಸರಿಟ್ಟು ಹಂಗಿಸಿತು, ಆಮೇಲೆ ಬೇರೆ ಮಾಡಿತು, ಆಮೇಲೆ ಊರುಗಳಿಂದ ಎಬ್ಬಿಸಿ ರೈಲಿಗೆ ತುಂಬಿ ಕ್ಯಾಂಪುಗಳಿಗೆ ಸಾಗಿಸಿ ಕೊಂದಿತು ಎಂಬುದನ್ನು ಎದೆಯೆತ್ತರದ ಪ್ಯಾನೆಲ್‌ಗಳ ಮೇಲೆ ತೋರಿಸುವುದು. ಬೀದರಿನ ಜೈಲಿಗೆ ಪರ್ಮಿಷನ್ ಸಿಕ್ಕಿದೆ, ಕನ್ನಡ ನೀವೇ ಮಾಡಿಕೊಡಿ ಮಿಸ್, ಎಂದಳು. ಟ್ಯಾಂಕರಿನ ಮುಂದೆ ಕೊಡ ಹಿಡಿದು ಕಾದಾಡುವ ಊರಿನಲ್ಲಿ ಜರ್ಮನಿಯ ದುಃಖ ಯಾರಿಗೆ ಬೇಕು ಎಂದು ನನಗೆ ಅನ್ನಿಸಿತ್ತು. ಆದರೂ ಒಪ್ಪಿಕೊಂಡೆ. ರಿಟೈರಾದ ಟೀಚರಿಗೆ ಯಾರಾದರೂ 'ಮಿಸ್' ಎಂದು ಕರೆದರೆ ಸಾಕು.

ಕ್ಯಾಪ್ಷನ್‌ಗಳನ್ನೆಲ್ಲ ಕನ್ನಡಕ್ಕೆ ತಂದೆ, ಒಂದು ಪದದ ಹತ್ತಿರ ಮಾತ್ರ ಸಿಕ್ಕಿಹಾಕಿಕೊಂಡೆ. ಡಿಪೋರ್ಟೇಶನ್. ಡಿಕ್ಷನರಿ ನೋಡಿ 'ಗಡಿಪಾರು' ಎಂದು ಬರೆದಿದ್ದೆ. ಜೈಲಿನ ಸಾಹೇಬರು ಓದಿ ತಲೆ ಅಲ್ಲಾಡಿಸಿದರು.

"ಮೇಡಮ್, ಇದು ಬ್ಯಾಡ್ರಿ. ನಮ್ಮಲ್ಲಿ ಗಡಿಪಾರು ಅಂದ್ರ ರೌಡಿಗಳಿಗೆ ಮಾಡೋದು. ಒಳಗ ಇದ್ದವ್ರಿಗೆ ಅದು ಚೆಂದ ಗೊತ್ತದ. ಇವ್ರು ಏನ್ ಗುನ್ಹೆ ಮಾಡಿದ್ರು ಅಂತ ಮೊದಲ ಪ್ರಶ್ನೆ ಅದೇ ಬರ್ತದ ನೋಡ್ರಿ."

ಮಾತು ಖರೆ ಇತ್ತು. ಮನೆಗೆ ಬಂದು ಯೋಚಿಸಿದೆ. ಗಂಟುಮೂಟೆ ಹೊತ್ತು, ಮಕ್ಕಳ ಕೈಹಿಡಿದು, ಇಡೀ ಊರು ಎದ್ದು ರೈಲು ಹತ್ತುವುದಕ್ಕೆ ನಮ್ಮ ಜನರ ಬಾಯಲ್ಲಿ ಒಂದೇ ಪದ ಇದೆ. 'ಬಲವಂತದ ಗುಳೇ' ಎಂದು ಬರೆದೆ. ಸಾಹೇಬರು, ಹಾಂ, ಇದು ಎಲ್ಲರಿಗೂ ತಿಳೀತದ, ಎಂದರು. ಶೀಲಾ ಅದನ್ನೇ ಪ್ರಿಂಟ್ ಮಾಡಿಸಿದಳು.

ಗಂಡಸರ ಬ್ಯಾರಕ್ಕಿನಲ್ಲಿ ಪ್ರದರ್ಶನ ಸುಸೂತ್ರವಾಗಿ ನಡೆಯಿತು. ಕೊನೆಯ ದಿನ ಪ್ಯಾನೆಲ್‌ಗಳನ್ನು ಹೆಂಗಸರ ವಾರ್ಡಿನ ಅಂಗಳಕ್ಕೆ ತಂದು ಗೋಡೆಗೆ ಒರಗಿಸಿದರು. ಸಣ್ಣ ವಾರ್ಡು, ಒಂದು ಬೇವಿನ ಮರ, ಅದರ ಕೆಳಗೆ ನೆರಳು ಎಷ್ಟಿತ್ತೋ ಅಷ್ಟರಲ್ಲೇ ಹೆಂಗಸರು ಒತ್ತಿಕೊಂಡು ಕೂತಿದ್ದರು. ಹೆಚ್ಚಿನವರಿಗೆ ಓದು ಬಾರದು, ಆದ್ದರಿಂದ ನಾನೇ ಒಂದೊಂದಾಗಿ ಓದಿ ಹೇಳಬೇಕಿತ್ತು. ವಾರ್ಡಿನ ಮೇಟ್ರನ್ ಸುಶೀಲಾಬಾಯಿ ನಮ್ಮ ಚರ್ಚಿಗೇ ಬರುವವಳು, ದೊಡ್ಡ ಮೈಯವಳು, ಬೀಗದ ಕೈ ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಪಕ್ಕದಲ್ಲಿ ನಿಂತಿದ್ದಳು.

ಹಿಟ್ಲರ್ ಎಂಬ ಹೆಸರು ಬರುತ್ತಲೇ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಗತೊಡಗಿದರು. ನಾನು ಗಾಬರಿಯಾದೆ.

"ಟೀಚರಬಾಯಿ, ತಪ್ಪ ತಿಳೀಬ್ಯಾಡ್ರಿ," ಎಂದಳು ಮುಂದೆ ಕೂತಿದ್ದ ಮುದುಕಿ. "ನಮ್ಮ ಸುಶೀಲಾಬಾಯಿಗಿ ನಾವು ಹಿಟ್ಲರಬಾಯಿ ಅಂತೇವ್ರಿ."

"ಗೊತ್ತದ ಬಿಡು," ಎಂದಳು ಸುಶೀಲಾಬಾಯಿ. "ನಾ ಏನ್ ಕಿವುಡಿ ಇದ್ದೇನಿ?"

ಶಾಲೆಯಲ್ಲಿ ನನಗೂ ಅದೇ ಹೆಸರಿತ್ತು, ಆದ್ದರಿಂದ ನಾನೂ ನಕ್ಕೆ. ಅದು ಆ ಅಂಗಳದ ಕೊನೆಯ ನಗೆ. ಮುಂದಿನ ಪ್ಯಾನೆಲ್‌ಗಳನ್ನು ನೋಡಿದ ಮೇಲೆ ಅವರು ಆ ಹೆಸರು ಕರೆಯುವುದನ್ನು ತಾವಾಗಿಯೇ ಬಿಟ್ಟರಂತೆ.

ರೈಲಿನ ಪ್ಯಾನೆಲ್ ಬಂತು. ಆ ಫೋಟೊ ನನಗೆ ಕಂಠಪಾಠವಾಗಿತ್ತು. ಕ್ಯಾಪ್ಷನ್ ಮಾಡುವಾಗ ಅದನ್ನು ಮೇಜಿನ ಮೇಲಿಟ್ಟುಕೊಂಡು ಎಷ್ಟೋ ಮಧ್ಯಾಹ್ನ ಕಳೆದಿದ್ದೆ. ಪ್ಲಾಟ್‌ಫಾರ್ಮಿನ ತುಂಬ ಜನ, ಗೂಡ್ಸ್ ಗಾಡಿಯಂಥ ಬಾಗಿಲು ತೆರೆದ ಡಬ್ಬಿ, ಕೋಟಿನ ಮೇಲೆ ಯಹೂದಿಗಳ ಗುರುತಿನ ನಕ್ಷತ್ರ ಹೊಲಿದುಕೊಂಡವರು, ಗಂಟುಗಳು, ನಡುವೆ ಹಾಲಿನ ಕ್ಯಾನು ಹಿಡಿದ ಒಬ್ಬ ಮುದುಕಿ. ಎಲ್ಲರ ಮುಖ ಗಾಡಿಯ ಕಡೆ. "ಬಲವಂತದ ಗುಳೇ," ಎಂದು ಓದಿದೆ.

ಹೆಂಗಸರು ಮುಂದಕ್ಕೆ ಸರಿದರು. ಅಲ್ಲಿಯವರೆಗಿನ ಪ್ಯಾನೆಲ್‌ಗಳು ಬೇರೆ ದೇಶದವು, ಇದು ಮಾತ್ರ ಅವರದಾಯಿತು. ಕ್ಯಾನಿನಲ್ಲಿ ನೀರಿರಬೇಕು ಎಂದು ಒಬ್ಬಳು, ಅಲ್ಲ, ನುಚ್ಚು ಎಂದು ಇನ್ನೊಬ್ಬಳು. ಆಗ ಮುದುಕಿ ಕೇಳಿದಳು, "ಇವ್ರು ಮತ್ತ ಯಾವಾಗ ಬಂದ್ರು, ಟೀಚರಬಾಯಿ?"

"ಯಾರು?"

"ಗುಳೇ ಹೋದವ್ರು. ಮಳಿ ಬಿದ್ದ ಮ್ಯಾಲ ವಾಪಸ್ ಬಂದಿರಬೇಕಲ್ರಿ."

ನೋಡಿ, ಅವರಿಗೆ ಅದು ಪದದೊಳಗೇ ಇರುವ ಅರ್ಥ. ಗುಳೇ ಹೋದವರು ಮೊದಲ ಮಳೆಗೆ ಬರುತ್ತಾರೆ, ಜಾಲಿಮುಳ್ಳು ಸರಿಸಿ ಬಾಗಿಲು ತೆರೆಯುತ್ತಾರೆ. ಡಿಕ್ಷನರಿ ನೋಡುವ ನನಗೆ ಅದು ಹೊಳೆದಿರಲಿಲ್ಲ. ಬರಲಿಲ್ಲ, ಎಂದೆ. ಒಬ್ಬರೂ? ಕೆಲವೇ ಕೆಲವರು, ಎಂದೆ. "ಕೂಸುಗೋಳು?" ಎಂದಳು ಮುದುಕಿ. ನಾನು ಮತ್ತೆ ಕ್ಯಾಪ್ಷನ್ನಿನ ಕಡೆ ತಿರುಗಿದೆ.

ಆಗ ಹಿಂದಿನ ಸಾಲಿನಿಂದ ಕಾಶೀಬಾಯಿ ಎದ್ದು ಬಂದಳು. ಔರಾದ ತಾಲೂಕಿನ ಹೆಂಗಸು, ಮೂವತ್ತರ ಆಸುಪಾಸಿನವಳು, ಗಂಡ ಸತ್ತವಳು. ಟ್ಯಾಂಕರಿನ ಹತ್ತಿರ ಪಾಳಿಗಾಗಿ ಜಗಳವಾಗಿ ಇವಳು ಬೀಸಿದ ಕೊಡ ಇನ್ನೊಬ್ಬಳ ತಲೆಗೆ ಬಿದ್ದಿತ್ತು, ಅವಳು ಆಸ್ಪತ್ರೆಯಲ್ಲಿ ತೀರಿಕೊಂಡಿದ್ದಳು. ಕೇಸು ನಡೆಯುತ್ತಿತ್ತು. ಇಷ್ಟನ್ನು ಸುಶೀಲಾಬಾಯಿ ಮೊದಲೇ ನನಗೆ ಹೇಳಿದ್ದಳು. ಮಗಳೊಬ್ಬಳಿದ್ದಾಳೆ, ಊರಲ್ಲಿ ಕಾಶೀಬಾಯಿಯ ತಮ್ಮನ ಮನೆಯಲ್ಲಿ, ಎಂದೂ ಹೇಳಿದ್ದಳು.

ಕಾಶೀಬಾಯಿ ಪ್ಯಾನೆಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ನೋಡಿದಳು. "ಇದು ಭಾಲ್ಕಿ ಟೇಶನ್ ಅದ," ಎಂದಳು.

"ಭಾಲ್ಕ್ಯಾಗ ಇಂಥಾ ಕೋಟು ಯಾರ್ ಹಾಕ್ತಾರ ಬೇ, ಈ ಬಿಸಲಾಗ?" ಎಂದಳೊಬ್ಬಳು. ಯಾರೂ ನಗಲಿಲ್ಲ.

"ಇಕಿ ನಮ್ಮ ಸುವರ್ಣಾ," ಎಂದು ಕಾಶೀಬಾಯಿ ಫೋಟೊದ ಎಡ ಅಂಚಿನ ಮೇಲೆ ಬೆರಳಿಟ್ಟಳು.

ನಾನು ಬಗ್ಗಿ ನೋಡಿದೆ. ಅಂಚಿನಲ್ಲಿ ಅರ್ಧ ಕತ್ತರಿಸಿದಂತೆ ಒಬ್ಬ ಹುಡುಗಿ ನಿಂತಿದ್ದಳು. ಎಲ್ಲರೂ ಗಾಡಿಯ ಕಡೆ ನೋಡುತ್ತಿದ್ದರೆ ಅವಳೊಬ್ಬಳು ಹಿಂದಕ್ಕೆ ತಿರುಗಿದ್ದಳು. ಎರಡು ಜಡೆ, ಒಂದಕ್ಕೆ ರಿಬ್ಬನ್ ಇತ್ತು, ಇನ್ನೊಂದು ಬರಿದು. ಅಷ್ಟು ಮಧ್ಯಾಹ್ನಗಳಲ್ಲಿ ನಾನು ಈ ಹುಡುಗಿಯನ್ನು ಒಂದು ಸಲವೂ ಕಂಡಿರಲಿಲ್ಲ. ನಡುವಿನ ಮುದುಕಿಯ ಮೇಲೆಯೇ ಕಣ್ಣು ಹೋಗಿ ಅಂಚು ಬಿಟ್ಟಿರಬಹುದು. ಹಾಗೆಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ.

ಕಾಶೀಬಾಯಿ ತನ್ನ ಮಣಿಕಟ್ಟು ತೋರಿಸಿದಳು. ಬಣ್ಣಗೆಟ್ಟ ಕೆಂಪು ರಿಬ್ಬನ್ನನ್ನು ದಾರದಂತೆ ಸುತ್ತಿಕೊಂಡಿದ್ದಳು. ಹಿಂದಿನ ಸಲ ಭೇಟಿಗೆ ಬಿಟ್ಟಾಗ, ಮುಲಾಖತ್ತಿನಲ್ಲಿ, ಜಾಲರಿಯ ಆಚೆ ನಿಂತ ಮಗಳ ಜಡೆ ಹಿಡಿದುಕೊಂಡಿದ್ದಳಂತೆ, ಹೊತ್ತು ಮುಗಿಯಿತೆಂದು ಎಳೆದೊಯ್ಯುವಾಗ ರಿಬ್ಬನ್ ಇವಳ ಕೈಯಲ್ಲೇ ಉಳಿಯಿತು. ಅದಾದ ಮೇಲೆ ಅವಳ ತಮ್ಮ ಮುಲಾಖತ್ತಿಗೆ ಬಂದಿರಲಿಲ್ಲ.

"ಗುಳೇ ಒಯ್ಲಾಕತ್ತಾರ್ರಿ ನನ್ನ ಕೂಸಿಗಿ," ಎಂದಳು ಅವಳು, ಅಳುತ್ತಿರಲಿಲ್ಲ. "ಕೂಲಿಗಿ ಒಯ್ಯೋ ಮುಕಾದಮ ನಮ್ಮ ಊರವ್ರಿಗಿ ಭಾಲ್ಕಿಯಿಂದೇ ಗಾಡಿ ಹತ್ತಿಸ್ತಾನ. ಇವತ್ತೇ. ನೋಡ್ರಿ, ಎಲ್ಲಾರೂ ಹತ್ಲಾಕತ್ತಾರ, ಇಕಿ ನಿಂತಾಳ. ಯಾರರ ಹೋಗ್ರಿ. ನೀವ ಹೋಗ್ರಿ ಟೀಚರಬಾಯಿ. ನಿಮಗ ಇಂಗ್ಲಿಷ್ ಬರ್ತದ, ಟೇಶನ್ ಮಾಸ್ತರ ನಿಮ್ಮ ಮಾತ ಕೇಳ್ತಾನ. ಹೋದವ್ರು ಬರೂದಿಲ್ಲ ಅಂತ ನೀವ ಹೇಳಿದ್ರಲ್ಲ ಈಗ."

ಸುಶೀಲಾಬಾಯಿ ಅವಳನ್ನು ಎಬ್ಬಿಸಿ, "ಏ ಕಾಶೀ, ಇದು ಬೇರೆ ಮುಲಕಿಂದು, ಎಂಥಾ ಕಾಲದ್ದು, ತಲಿ ಕೆಟ್ಟದೇನ್ ನಿಂದು?" ಎಂದು ಒಳಗೆ ಕರೆದೊಯ್ಯಲು ನೋಡಿದಳು. ಕಾಶೀಬಾಯಿ ಹಲ್ಲಿನಿಂದ ಗಂಟು ಬಿಚ್ಚಿ ರಿಬ್ಬನ್ನನ್ನು ನನ್ನ ಕೈಗೆ ತುರುಕಿದಳು. ನಾನು ಬೇಡವೆನ್ನಲಿಲ್ಲ.

ಹೊರಗೆ ಬಂದು ಆಟೋದಲ್ಲಿ ಕೂತಾಗ, ತಂಗಿಯನ್ನು ನೋಡಿ ಬಹಳ ದಿನವಾಯಿತು, ಹೇಗೂ ಭಾಲ್ಕಿಗೆ ಹೋಗುವುದಿದೆ, ಎಂದು ನನಗೆ ನಾನೇ ಹೇಳಿಕೊಂಡೆ. ಬಸ್ ಸ್ಟ್ಯಾಂಡಿಗೆ ಬಿಡು ಎಂದೆ. ಒಬ್ಬ ಸೆನ್ಸಿಬಲ್ ಹೆಂಗಸು ಹುಚ್ಚುತನ ಮಾಡುವಾಗ ಹೀಗೆಯೇ ನೆಪ ಹುಡುಕುತ್ತಾಳೆ.

ಆ ಬಸ್ಸು ಎಲ್ಲೆಲ್ಲೂ ನಿಂತಿತು. ಕೈ ಮಾಡಿದವರಿಗೆಲ್ಲ ನಿಂತಿತು, ಕೈ ಮಾಡದವರಿಗೂ ನಿಂತಿತು. ಕಿಟಕಿಯಿಂದ ಬಿಸಿಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ರಿಬ್ಬನ್ ನನ್ನ ಮುಷ್ಟಿಯಲ್ಲಿ ಬೆವರಿಗೆ ತೊಯ್ದು ಅಂಗೈಗೆ ಕೆಂಪು ಬಣ್ಣ ಹತ್ತಿತ್ತು. ಏನೂ ಆಗಿರುವುದಿಲ್ಲ, ಟೇಶನ್ನು ಖಾಲಿ ಇರುತ್ತದೆ, ಎಸ್ತರಳ ಮನೆಯಲ್ಲಿ ಚಹಾ ಕುಡಿದು ನಕ್ಕುಬಿಡುತ್ತೇವೆ, ಎಂದುಕೊಳ್ಳುತ್ತಿದ್ದೆ. ಭಾಲ್ಕಿ ಇನ್ನೂ ಸ್ವಲ್ಪ ದೂರವಿರುವಾಗ ರೈಲ್ವೆ ಗೇಟು ಬಿದ್ದಿತ್ತು. ಬಸ್ಸು ನಿಂತಿತು. ಡ್ರೈವರ್ ಇಂಜಿನ್ ಬಂದ್ ಮಾಡಿ ಬೀಡಿ ಹಚ್ಚಿದ.

ಗಾಡಿ ನಮ್ಮೆದುರೇ ಹಾದುಹೋಯಿತು, ಭಾಲ್ಕಿಯ ಕಡೆ. ಪುಣೆಗೆ ಹೋಗುವ ಗಾಡಿ ಎಂದು ಕಂಡಕ್ಟರ್ ಹೇಳಿದ. ಡಬ್ಬಿಗಳು ಒಂದಾದ ಮೇಲೊಂದು ಹಾಯುತ್ತಿದ್ದಾಗ ನಾನು ಸೀಟಿನಿಂದ ಎದ್ದು ನಿಂತಿದ್ದೆ. ಪಕ್ಕದ ಹೆಣ್ಣುಮಗಳು, "ಯಾಕ್ರಿ ಅಮ್ಮಾ, ಉಲ್ಟಿ ಬರ್ಲಾಕತ್ತದೇನ್ರಿ?" ಎಂದು ಕೇಳಿದಳು. ನನ್ನ ಜೀವಮಾನದಲ್ಲಿ ಒಂದು ರೈಲಿಗೆ ನಾನು ಅಷ್ಟು ಹೆದರಿದ್ದು ಅದೇ ಮೊದಲು. ಇದರ ಯಾವುದೋ ಡಬ್ಬಿಗೆ ಆ ಮಗು ಹತ್ತುತ್ತದೆ, ನಾನು ತಲುಪುವ ಹೊತ್ತಿಗೆ ಗಾಡಿ ಹೋಗಿರುತ್ತದೆ ಎಂಬುದು ನನಗೆ ಆ ಗಳಿಗೆಯಲ್ಲಿ ಖಾತ್ರಿಯಾಗಿ ಗೊತ್ತಿತ್ತು. ಕಾಶೀಬಾಯಿಯ ಮಾತನ್ನು ನಾನು ನಂಬಿದ್ದು ಯಾವಾಗ ಎಂದು ಕೇಳಿದರೆ, ಆ ಗೇಟಿನ ಹತ್ತಿರ.

ಟೇಶನ್ನಿಗೆ ಹೋಗುವಷ್ಟರಲ್ಲಿ ಹೊತ್ತು ಮುಳುಗಿತ್ತು. ಗಾಡಿ ಹೋಗಿಬಿಟ್ಟಿತ್ತು. ಪ್ಲಾಟ್‌ಫಾರ್ಮಿನಲ್ಲಿ ಗುಳೇ ಹೋದವರ ಗುರುತುಗಳು ಬಿದ್ದಿದ್ದವು, ಹರಿದ ಚೀಲ, ಚೆಲ್ಲಿದ ಜೋಳ, ಒಂಟಿ ಚಪ್ಪಲಿ. ಜನ ಎಂದರೆ ಚಹಾದ ಕಟ್ಟೆಯವನು ಒಬ್ಬನೇ. ಮತ್ತು ತುದಿಯಲ್ಲಿ, ದೀಪದ ಕಂಬದ ಕೆಳಗೆ, ಒಬ್ಬ ಹುಡುಗಿ.

ಅವಳು ಹಳಿಯ ಕಡೆ ನೋಡುತ್ತಿರಲಿಲ್ಲ. ಹಿಂದಕ್ಕೆ ತಿರುಗಿ ನಿಂತಿದ್ದಳು. ಎರಡು ಜಡೆ. ಒಂದಕ್ಕೆ ಕೆಂಪು ರಿಬ್ಬನ್ ಇತ್ತು, ಇನ್ನೊಂದಕ್ಕೆ ಇರಲಿಲ್ಲ.

ಹತ್ತಿರ ಹೋಗಲು ನನಗೆ ಧೈರ್ಯ ಬರಲಿಲ್ಲ, ಎಂಟೊಂಬತ್ತು ವರ್ಷದ ಒಂದು ಮಗುವಿನ ಹತ್ತಿರ. ದೂರದಿಂದಲೇ "ಸುವರ್ಣಾ" ಎಂದೆ. ಅವಳು ನನ್ನನ್ನು ನೋಡಿದಳು, ಆಮೇಲೆ ನನ್ನ ಹಿಂದೆ ನೋಡಿದಳು, ನಾನು ಯಾರನ್ನೋ ಜೊತೆಗೆ ಕರೆತಂದಿದ್ದೇನೆ ಎಂಬಂತೆ.

"ಅವ್ವ ಎಲ್ಲಿ?" ಎಂದಳು.

"ಅವ್ವ ಬೀದರನಾಗ ಇದ್ದಾಳಲ್ಲ ಪುಟ್ಟೀ."

"ಇಲ್ರಿ, ಈಗ ಕರದಳು. ಸುವ್ವೀ ಅಂತ ಕರದಳು. ಅದಕ್ಕ ನಾ ಇಳದೆ."

ಚಹಾದವನು ಹತ್ತಿರ ಬಂದಿದ್ದ. "ಖರೇ ಅದರಿ ಅಮ್ಮಾ," ಎಂದ. "ಡಬ್ಬಿ ಹತ್ತಿದ್ಳು, ಗಾಡಿ ಸೀಟಿ ಹೊಡೀತು, ಮತ್ತ ಕೆಳಗ ಜಿಗದಳು. ನಾ ಒದರಿದೆ, ಏ ಹುಡುಗಿ ಅಂತ. ಒಳಗ ಏನ್ ಗದ್ದಲ್ರಿ, ಅವರ್ಯಾರಿಗೂ ಖಬರೇ ಇಲ್ಲ. ಯಾರೋ ಕರದಾರ ಅಂತಾಳ. ನಾ ಇಲ್ಲೇ ಇದ್ದೆ, ನನಗ ಯಾರ್ದೂ ದನಿ ಕೇಳ್ಸಿಲ್ಲ."

ನಾನು ಮುಷ್ಟಿ ಬಿಚ್ಚಿ ರಿಬ್ಬನ್ ತೋರಿಸಿದೆ. ಹುಡುಗಿ ಅದನ್ನು ತೆಗೆದುಕೊಂಡು, ಮೂಸಿ ನೋಡಿ, ಬರಿದಾದ ಜಡೆಯನ್ನು ನನ್ನ ಕಡೆ ತಿರುಗಿಸಿ ನಿಂತಳು, ಕಟ್ಟು ಎಂಬಂತೆ. ಕಟ್ಟಿದೆ. ಗಂಟು ಸರಿಯಾಗಿ ಬೀಳಲಿಲ್ಲ, ಬಿಚ್ಚಿ ಇನ್ನೊಮ್ಮೆ ಕಟ್ಟಿದೆ.

ಆ ರಾತ್ರಿ ಅವಳು ಎಸ್ತರಳ ಮನೆಯಲ್ಲಿ ಮಲಗಿದಳು. ಟೇಶನ್ ಮಾಸ್ತರು ಮುಂದಿನ ಟೇಶನ್ನಿಗೆ ಸುದ್ದಿ ಮುಟ್ಟಿಸಿದ ಮೇಲೆ ಅವಳ ಸೋದರಮಾವನಿಂದ ಫೋನ್ ಬಂತು. ಹುಡುಗಿ ಹೆಂಡತಿಯ ಹತ್ತಿರ ಇದ್ದಾಳೆಂದು ತಾನು ಅಂದುಕೊಂಡಿದ್ದಾಗಿ, ತನ್ನ ಹತ್ತಿರ ಇದ್ದಾಳೆಂದು ಹೆಂಡತಿ ಅಂದುಕೊಂಡಿದ್ದಾಗಿ ಹೇಳಿ ಅತ್ತ. ಆಮೇಲೆ, "ಅಲ್ಲೇ ಇರ್ಲಿ ಬಿಡ್ರಿ ಬಾಯಿ, ಸಾಲ್ಯಾಗರ ಇರ್ತಾಳ, ಇಲ್ಲಿ ನಮಗ ಏನ್ ಕಾದದೋ," ಎಂದ. ಮುಂದೆ ಕೆಲವು ದಿನಗಳಲ್ಲಿ ಅವಳನ್ನು ಭಾಲ್ಕಿಯ ಒಂದು ಹಾಸ್ಟೆಲ್ಲಿಗೆ ಸೇರಿಸಿದೆವು.

ಇಲ್ಲಿಗೇ ನಿಲ್ಲಿಸಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಇದಕ್ಕೆಲ್ಲ ಸಮಾಧಾನ ಹೇಳಿಕೊಳ್ಳಲು ಬರುತ್ತದೆ. ಬರದ ವರ್ಷದಲ್ಲಿ ತಮ್ಮ ಗುಳೇ ಹೋದಾನು ಎಂದು ತಾಯಿಗೆ ಅನ್ನಿಸುವುದು ಸಹಜ. ಅವರ ಊರವರು ಭಾಲ್ಕಿಯಿಂದಲೇ ಗಾಡಿ ಹತ್ತುವುದು ಅವಳಿಗೆ ಗೊತ್ತಿತ್ತು. ರಿಬ್ಬನ್ ಒಂದೇ ಉಳಿದ ಹುಡುಗಿ ಒಂದೇ ಕಟ್ಟಿಕೊಂಡು ತಿರುಗುತ್ತಾಳೆ. ದಿನ ಒಂದೇ ಆದದ್ದು ಕೋಇನ್ಸಿಡೆನ್ಸ್. ಎಸ್ತರ್ ಅದನ್ನೇ ಹೇಳಿದಳು, ನಾನೂ ತಲೆಯಾಡಿಸಿದೆ.

ಹುಡುಗಿ ಸಿಕ್ಕ ಮರುದಿನವೇ ಸುದ್ದಿ ಹೇಳಲು ಜೈಲಿಗೆ ಹೋದೆ. ಪ್ಯಾನೆಲ್‌ಗಳನ್ನು ವಾಪಸ್ ಒಯ್ಯಲು ಬಂದಿದ್ದ ಶೀಲಾ ಗೇಟಿನಲ್ಲೇ ಸಿಕ್ಕಳು, ಮುಖ ಸಣ್ಣದಾಗಿತ್ತು. "ಮಿಸ್, ಪ್ಯಾನೆಲ್ ಡ್ಯಾಮೇಜ್ ಆಗಿದೆ," ಎಂದಳು. ಒಳಗೆ ಹೋಗಿ ನೋಡಿದರೆ ರೈಲಿನ ಪ್ಯಾನೆಲ್ಲಿನ ಮುಂದೆ ನೆಲದ ಮೇಲೆ ಒಂದು ಹಿಡಿ ಅಕ್ಕಿ, ತುಂಡು ಭಕ್ರಿ, ಒಂದು ಲೋಟ ನೀರು. ಹೆಂಗಸರು ಫೋಟೊದ ಹುಡುಗಿಯ ಹಣೆಗೆ ಕುಂಕುಮ ಇಟ್ಟಿದ್ದರು, ಅರಿಶಿಣ ಹಚ್ಚಿದ್ದರು, ಅವಳ ಉಡಿ ತುಂಬಿದ್ದರು. ಬೆಳಿಗ್ಗೆ ಶೀಲಾ ಬರುವಳೆಂದು ಸುಶೀಲಾಬಾಯಿ ಗಡಿಬಿಡಿಯಿಂದ ಒದ್ದೆ ಬಟ್ಟೆಯಲ್ಲಿ ಒರೆಸಿದ್ದಳು. ಕುಂಕುಮದ ಜೊತೆಗೆ ಪ್ರಿಂಟಿನ ಮಸಿಯೂ ಎದ್ದು ಬಂದಿತ್ತು. ಎಡ ಅಂಚಿನಲ್ಲಿ, ಆ ಹುಡುಗಿ ಇದ್ದ ಜಾಗದಲ್ಲಿ, ಬಿಳಿ ಕಲೆ ಮಾತ್ರ ಉಳಿದಿತ್ತು.

"ನಿನ್ನಿ ಏನಾಯ್ತ್ರಿ ಅಂದ್ರ," ಎಂದಳು ಸುಶೀಲಾಬಾಯಿ, ನನ್ನನ್ನು ಬೇವಿನ ಮರದ ಬದಿಗೆ ಕರೆದು. ನಾನು ಇನ್ನೂ ಏನೂ ಹೇಳಿರಲಿಲ್ಲ. "ನೀವು ಹೋದ ಮ್ಯಾಲ ಅಕಿ ಅದರ ಮುಂದಿಂದ ಏಳ್ಲೇ ಇಲ್ಲ. ಒಳಗ ಹಾಕ್ಬೇಕು, ಎಬ್ಬಿಸ್ಲಾಕ ಹೋದೆ, ದೀಪ ಹಚ್ಚೋ ಹೊತ್ತು. ಒಂದ ಸರ್ತಿ ಕರದಳು ನೋಡ್ರಿ, ಸುವ್ವೀ ಅಂತ. ಒಂದ ಸರ್ತಿ. ಗಂಡಸರ ಬ್ಯಾರಕ್ಕಿನವ್ರೂ ಎದ್ದು ನಿಂತ್ರು. ಆಮ್ಯಾಲ, 'ಇಳದಳು, ಕುಂಕುಮ ಕೊಡ್ರಿ' ಅಂದ್ಳು. ನಾ ಯಾಕ ಕೊಟ್ಟೆ ಅಂತ ಕೇಳಬ್ಯಾಡ್ರಿ. ನಾ ಪ್ರಾರ್ಥನಾ ಮಾಡೋ ಹೆಂಗಸು. ಪಕ್ಕದ ಮನಿಯಿಂದ ತರ್ಸಿ ಕೊಟ್ಟೆ."

ಸುವ್ವಿ ಎಂಬ ಹೆಸರನ್ನು ಕಾಶೀಬಾಯಿ ನನ್ನ ಮುಂದೆ ಹೇಳಿರಲಿಲ್ಲ. ನಾನು ಅದನ್ನು ಮೊದಲು ಕೇಳಿದ್ದು ಭಾಲ್ಕಿ ಟೇಶನ್ನಿನಲ್ಲಿ, ಹುಡುಗಿಯ ಬಾಯಲ್ಲಿ. ಬೀದರಿನ ಜೈಲಿನಲ್ಲಿ ಕೂಗಿದ್ದು ಭಾಲ್ಕಿಗೆ ಕೇಳಿಸುವುದಿಲ್ಲ, ಅಷ್ಟು ಸೈನ್ಸ್ ನನಗೂ ಗೊತ್ತು. ಪ್ಲಾಟ್‌ಫಾರ್ಮಿನಲ್ಲೇ ಇದ್ದ ಚಹಾದವನಿಗೂ ಅದು ಕೇಳಿಸಿರಲಿಲ್ಲ. ಒಂದು ಮಗುವಿಗೆ ಮಾತ್ರ ಕೇಳಿಸಿತು. ಇದರ ಮುಂದೆ ನನ್ನ ಸಮಾಧಾನಗಳು ನಡೆಯುವುದಿಲ್ಲ.

ಫೋಟೊವನ್ನಾದರೂ ಸರಿಯಾಗಿ ನೋಡೋಣವೆಂದು ಶೀಲಾಗೆ ಇನ್ನೊಂದು ಪ್ರಿಂಟ್ ಕಳಿಸಲು ಹೇಳಿದೆ. ಬಂತು. ಅದರಲ್ಲಿ ಮುದುಕಿ ಇದ್ದಳು, ಕ್ಯಾನು ಇತ್ತು, ಎಡ ಅಂಚಿನಲ್ಲಿ ಹುಡುಗಿ ಇರಲಿಲ್ಲ. ಫೋನ್ ಮಾಡಿದರೆ ಶೀಲಾ, ಆ ಹೊತ್ತಿನಲ್ಲಿ ಹಲವು ಫೋಟೊ ತೆಗೆದಿದ್ದಾರೆ ಮಿಸ್, ಅಂಚು ಬೇರೆ ಬೇರೆ ಕತ್ತರಿಸಿರುತ್ತಾರೆ, ಜೈಲಿಗೆ ಬಂದದ್ದು ಯಾವುದೋ ಈಗ ಹೇಳುವುದು ಕಷ್ಟ, ಎಂದಳು. ಹಾಗೂ ಇರಬಹುದು. ನಾನು ಕಂಡಿದ್ದೆ, ಕಾಶೀಬಾಯಿ ಕಂಡಿದ್ದಳು, ಕುಂಕುಮ ಇಟ್ಟವರೆಲ್ಲ ಕಂಡಿದ್ದರು. ಸುಶೀಲಾಬಾಯಿ ಒರೆಸುವ ಹೊತ್ತಿಗೂ ಮುಖ ಇತ್ತಂತೆ.

ಸುವರ್ಣಾ ಈಗ ದೊಡ್ಡವಳಾಗಿದ್ದಾಳೆ, ಔರಾದಿನಲ್ಲಿ ಸಂಸಾರ. ಕೇಳಿದರೆ, ಆಗ ನಾನು ಸಣ್ಣಾಕಿ ಇದ್ದೆ ಆಂಟೀ, ಎಂದು ಮಾತು ತೇಲಿಸುತ್ತಾಳೆ. ಕಾಶೀಬಾಯಿಗೆ ಇದರಲ್ಲಿ ವಿಚಿತ್ರವೇನೂ ಕಾಣಿಸಿಯೇ ಇಲ್ಲ. "ನಾ ಕರದೆ, ಅಕಿ ಇಳದಳು. ಅದರಾಗ ಏನದರಿ?" ಎನ್ನುತ್ತಾಳೆ.

ಆದರೆ ಅವಳು ಜೈಲಿನಿಂದ ಬಿಡುಗಡೆಯಾದ ದಿನ ನಾನು ಮಗಳನ್ನು ಕರೆದುಕೊಂಡು ಗೇಟಿಗೆ ಹೋಗಿದ್ದೆ. ತಾಯಿ ಮಗಳ ಅಳು ನಿಂತ ಮೇಲೆ ಕಾಶೀಬಾಯಿ ನನ್ನ ಹತ್ತಿರ ಬಂದಳು. ಕೃತಜ್ಞತೆಯ ಮಾತು ಹೇಳುತ್ತಾಳೆ ಎಂದುಕೊಂಡು ನಾನು ಸಂಕೋಚಪಟ್ಟು ಕನ್ನಡಕ ಒರೆಸಿಕೊಳ್ಳುತ್ತಿದ್ದೆ.

"ಟೀಚರಬಾಯಿ," ಎಂದಳು ಮೆಲ್ಲಗೆ, ಮಗಳಿಗೆ ಕೇಳಿಸದಂತೆ. "ಆ ಫೋಟೊದಾಗಿನ ಕೂಸಿನ ಹೆಸರೇನಿತ್ತ್ರಿ?"

"ಯಾಕ, ಅದು ನಿನ್ನ ಸುವರ್ಣಾ ಅಂದಿದ್ದಿಯಲ್ಲ?"

"ನಮ್ಮಾಕಿ ಇಳದು ಬಂದ ಮ್ಯಾಲೂ ಅದು ಅಲ್ಲೇ ನಿಂತಿತ್ತ್ರಿ. ಹಿಂದ ನೋಡ್ಕೋತ. ಒಳಗ ಹಾಕೋ ತನಕ ನೋಡಿದೆ. ಅದಕ್ಕ ಕುಂಕುಮ ಹಚ್ಚಿದೆ. ಹೆಸರು ಗೊತ್ತಿದ್ರ ಅಕಿಗೂ ಕರೀತಿದ್ದೆ."

ನನಗೆ ಗೊತ್ತಿಲ್ಲ ಎಂದೆ. ಇವತ್ತಿಗೂ ಗೊತ್ತಿಲ್ಲ. ದೀಪ ಹಚ್ಚುವ ಹೊತ್ತಿಗೆ ದೂರದಲ್ಲಿ ಗಾಡಿಯ ಸೀಟಿ ಕೇಳಿಸಿದರೆ ನನ್ನ ಬಾಯಿ ತೆರೆಯುತ್ತದೆ, ಯಾರನ್ನೋ ಕರೆಯಬೇಕು ಎಂಬಂತೆ. ಹೆಸರು ಬರುವುದಿಲ್ಲ.